ಕೊಟ್ರಮ್ಮಜ್ಜಿಯ ಒಳ್ಳೆಯ ಕಾಲು

ನಾರು ತುಂಡಾಗಬಹುದಿತ್ತು. ಅದು ನನ್ನ ಮೊದಲನೆಯ ಭಯ. ನಾರುಹುಣ್ಣು ಕಾಣದೆ ಬೆಳೆದ ಈಗಿನವರಿಗೆ ಅದು ಏನೆಂದು ಹೇಳಿಬಿಡಬೇಕು: ಬಾವಿಯ ನೀರಿನ ಜೊತೆ ಕಣ್ಣಿಗೆ ಕಾಣದ ಹಾಗೆ ಹೊಟ್ಟೆಗೆ ಹೋದ ಹುಳು ವರ್ಷ ಕಳೆಯುವಷ್ಟರಲ್ಲಿ ಮೊಳದುದ್ದ ಬೆಳೆದು, ಕಾಲಿನಲ್ಲಿ ಒಂದು ಗುಳ್ಳೆ ಎಬ್ಬಿಸಿ, ಬಿಳಿ ದಾರದ ತುದಿಯ ಹಾಗೆ ಹೊರಗೆ ಇಣುಕುತ್ತದೆ. ಅದನ್ನು ಸಣ್ಣ ಕಡ್ಡಿಗೆ ಸುತ್ತಿ, ದಿನಕ್ಕೆ ಎರಡು ಬೆರಳಿನಷ್ಟು ಮಾತ್ರ ಬಿಡಿಸಿಕೊಳ್ಳಬೇಕು. ಅವಸರ ಮಾಡಿದರೆ ಒಳಗೇ ಕಿತ್ತುಹೋಗುತ್ತದೆ, ಕಾಲು ಊದಿ ಕೀವು ಕಟ್ಟುತ್ತದೆ, ಕಾಲೇ ಹೋದರೂ ಹೋಯಿತು. ಕೊಟ್ರಮ್ಮಜ್ಜಿಯ ಕಾಲು ಹಾಗೆ ಹೋಗಬಹುದಿತ್ತು. ಹೋಗಿದ್ದರೆ ಅವಳ ಮಗ, ಊರಗೌಡರು, ನಮ್ಮನ್ನು ಬಿಳಿಚೋಡಿನಿಂದ ಎತ್ತಂಗಡಿ ಮಾಡಿಸಬಹುದಿತ್ತು. ಕಡ್ಡಿ ಸುತ್ತುವಾಗ ನನಗೆ ಸೀನು ಬರಬಹುದಿತ್ತು. ಬೆರಳು ಬೆವರಿ ಕಡ್ಡಿ ಜಾರಬಹುದಿತ್ತು. ಕಾಲು ನೆನೆಸಿದ ನೀರನ್ನು ಯಾರಾದರೂ ಮರೆತು ಬಾವಿಯ ಕಡೆ ಚೆಲ್ಲಿ, ಮುಂದಿನ ವರ್ಷ ಊರಿಗೆ ಊರೇ ಕುಂಟಬಹುದಿತ್ತು. ಅಲ್ಲಾಡುತ್ತಿದ್ದ ನನ್ನ ಕೋರೆಹಲ್ಲು ಉದುರಬಹುದಿತ್ತು. ನನ್ನ ಹಲ್ಲಿಗೂ ಅಜ್ಜಿಯ ಕಾಲಿಗೂ ಏನು ಸಂಬಂಧ ಎಂಬುದನ್ನು ಮುಂದೆ ಹೇಳುತ್ತೇನೆ. ಇವೆಲ್ಲಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು, ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಆ ಕಾಲು ಕೊಟ್ರಮ್ಮಜ್ಜಿಯದೇ ಅಲ್ಲದೆ ಇರಬಹುದಿತ್ತು. ಅದು ಯೇಸುಸ್ವಾಮಿಯ ಕಾಲಾಗಿರಬಹುದಿತ್ತು.

ನನ್ನ ಹೆಸರು ಸಮಾಧಾನಮ್ಮ. ಹೆಸರಿಟ್ಟವರು ನನ್ನನ್ನು ಇನ್ನೂ ನೋಡಿರಲಿಲ್ಲ. ಹುಟ್ಟುವ ಮೊದಲೇ ಗೊತ್ತುಮಾಡಿದ್ದರಂತೆ. ಈಗ ಐವತ್ತರ ಹತ್ತಿರ ಬಂದಿದ್ದೇನೆ. ಹೊನ್ನಾಳಿಯಿಂದ ನ್ಯಾಮತಿಗೆ ಹೋಗುವ ಬಸ್ಸು ಹತ್ತುವ ಮೊದಲು ಚಾಲಕನ ಕಣ್ಣು ಕೆಂಪಗಿದೆಯೇ ಎಂದು ನೋಡುತ್ತೇನೆ, ಬೀಗ ಹಾಕಿದ ಮೇಲೆ ಮೂರು ಸಲ ಎಳೆದು ನೋಡುತ್ತೇನೆ, ಬೆಳಿಗ್ಗೆ ಎದ್ದ ತಕ್ಷಣ ಎರಡೂ ಅಂಗಾಲನ್ನು ತಡವಿಕೊಳ್ಳುತ್ತೇನೆ. ಶಾಲೆಯಲ್ಲಿ ನನ್ನ ಜೊತೆ ಪಾಠ ಮಾಡುವವರು ಇದನ್ನು ಸ್ವಭಾವ ಎನ್ನುತ್ತಾರೆ. ಸ್ವಭಾವ ಹೌದೋ ಅಲ್ಲವೋ ಗೊತ್ತಿಲ್ಲ, ಅಂಗಾಲು ತಡವುವುದು ಮಾತ್ರ ಬಿಳಿಚೋಡಿನದು. ನಾವು ಮೂಲತಃ ಹೊಳೆದಂಡೆಯವರು. ಅಪ್ಪನನ್ನು ಮಿಶನ್ನಿನವರು ಉಪದೇಶಿಯಾಗಿ, ಎಂದರೆ ಮಕ್ಕಳಿಗೆ ಅಕ್ಷರ ಕಲಿಸಿ ದೊಡ್ಡವರಿಗೆ ದೇವರ ಮಾತು ಹೇಳುವ ಕೆಲಸಕ್ಕೆ, ಜಗಳೂರು ಸೀಮೆಯ ಬಿಳಿಚೋಡಿಗೆ ಕಳಿಸಿದಾಗ ನನಗೆ ಏಳು ವರ್ಷ. ಹೊಳೆಯ ನೀರು ನೋಡಿ ಬೆಳೆದವಳಿಗೆ ಅಲ್ಲಿನ ಮೆಟ್ಟಿಲು ಬಾವಿ ಕಂಡು ಎದೆ ಧಸಕ್ಕೆಂದಿತು. ಜನ ಕೊಡ ಹಿಡಿದು ಮೆಟ್ಟಿಲಿಳಿದು, ಮೊಣಕಾಲವರೆಗೆ ನೀರಿಗಿಳಿದು, ತುಂಬಿಕೊಂಡು ಬರುತ್ತಿದ್ದರು. ಇಳಿದ ಕಾಲುಗಳಲ್ಲಿ ಕಡ್ಡಿ ಕಟ್ಟಿಕೊಂಡ ಕಾಲುಗಳೂ ಇದ್ದವು. ಆ ಕಾಲಿನ ಹುಳು ಆ ನೀರಿಗೆ ಮರಿ ಬಿಡುತ್ತದೆ, ಅದನ್ನೇ ಎಲ್ಲರೂ ಕುಡಿಯುತ್ತಾರೆ ಎಂದು ಅವ್ವ ಹೇಳಿದರೆ ಊರಿನವರು ನಗುತ್ತಿದ್ದರು. ನಾರು ಬರುವುದು ಮೈಯ ಉಷ್ಣಕ್ಕೆ ಎನ್ನುತ್ತಿದ್ದರು. ನಗದೆ ನಂಬಿದವಳು ನಾನೊಬ್ಬಳೇ. ಅವ್ವ ಒಂದು ಸಲ ಬಟ್ಟೆಯಲ್ಲಿ ಸೋಸಿಟ್ಟ ನೀರನ್ನು ನಾನು ಕದ್ದು ಇನ್ನೆರಡು ಸಲ ಸೋಸಿ ಕುಡಿಯುತ್ತಿದ್ದೆ.

ನಮಗೆ ಇರಲು ಗೌಡರು ಕೊಟ್ಟಿದ್ದು ಬಿತ್ತನೆ ಬೀಜ ಇಡುತ್ತಿದ್ದ ಒಂದು ಮಾಳಿಗೆ ಮನೆ. ಒಂದೇ ಕೋಣೆ, ಅದರ ಮೂಲೆಯಲ್ಲಿ ಒಲೆ, ಮುಂದೆ ಕಲ್ಲಿನ ಕಟ್ಟೆ. ನಾವು ಹೋಗಿ ಎರಡು ವರ್ಷವಾದರೂ ಗೋಡೆಯಿಂದ ಸಜ್ಜೆಯ ವಾಸನೆ, ಬೇವಿನೆಲೆಯ ಒಗರು ಹೋಗಿರಲಿಲ್ಲ. ಮಣ್ಣಿನ ಮಾಡಿನಿಂದ ಊಟದ ತಟ್ಟೆಗೆ ಆಗಾಗ ಮಣ್ಣು ಉದುರುತ್ತಿತ್ತು. ಅಪ್ಪ ಅದನ್ನು ಬೆರಳಿಂದ ಸರಿಸಿ ಮುದ್ದೆ ಮುರಿಯುತ್ತಿದ್ದ. ನಾನು ಇಡೀ ಮಾಡು ಬೀಳುವ ಮುನ್ಸೂಚನೆ ಎಂದು ತಟ್ಟೆ ಎತ್ತಿಕೊಂಡು ಬಾಗಿಲ ಬಳಿ ಕೂತು ಉಣ್ಣುತ್ತಿದ್ದೆ. ಒಲೆಯ ಎದುರಿನ ಗೋಡೆಗೆ ಒಂದೇ ಒಂದು ಪಟ, ಶಿಲುಬೆಯ ಮೇಲಿನ ಸ್ವಾಮಿಯದು. ನಾನು ಮಲಗುವ ಜಾಗದಿಂದ ನೋಡಿದರೆ ಮುಖ ಕಾಣುತ್ತಿರಲಿಲ್ಲ, ಹೊಗೆ ಹಿಡಿದಿತ್ತು. ಕಾಲುಗಳು ಮಾತ್ರ ಚೆನ್ನಾಗಿ ಕಾಣುತ್ತಿದ್ದವು, ಒಂದರ ಮೇಲೊಂದು, ನಡುವೆ ಮೊಳೆ ಹೊಡೆದ ಗಾಯ.

ಅವ್ವ ಮದುವೆಗೆ ಮೊದಲು ಒಂದು ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು. ನಾರುಹುಣ್ಣು ಸುತ್ತುವುದನ್ನು ಅಲ್ಲಿ ಕಲಿತಿದ್ದಳು. ಕಟ್ಟೆಯ ಮೇಲೆ ಬೆಳಗಾಗುವುದರೊಳಗೆ ಮೂರು ನಾಲ್ಕು ಜನ ಕಾಲು ಚಾಚಿ ಕೂತಿರುತ್ತಿದ್ದರು, ಹೆಚ್ಚಿನವರು ಕುರಿ ಕಾಯುವವರು. ಅವ್ವ ಒಬ್ಬೊಬ್ಬರ ಕಾಲನ್ನೂ ಬೆಚ್ಚಗಿನ ನೀರಿನ ಬೋಗುಣಿಯಲ್ಲಿ ಇಡಿಸಿ ತೊಳೆದು, ಕಡ್ಡಿಯನ್ನು ಒಂದು ಸುತ್ತು ತಿರುಗಿಸಿ, ಬಟ್ಟೆ ಕಟ್ಟುವಳು. ತೊಳೆದ ನೀರನ್ನು ಒಲೆಯ ಬಿಸಿ ಬೂದಿಯ ಗುಂಡಿಗೇ ಹುಯ್ಯುವಳು. ಒಂದು ತೊಟ್ಟು ಆಚೆ ಬಿದ್ದರೂ ನಮಗೆ ಬೈಗುಳ. ಭಾನುವಾರವೂ ಇದು ತಪ್ಪುತ್ತಿರಲಿಲ್ಲ. ಭಾನುವಾರವೇ ಅಪ್ಪನ ಆರಾಧನೆ. ಊರಿನಲ್ಲಿ ಗುಡಿ ಇಲ್ಲದ ನಮಗೆ ಆ ಕೋಣೆಯೇ ದೇವಾಲಯ, ನಾವು ಮೂವರೇ ಸಭೆ. ಅಪ್ಪ ಒಗೆದ ಪಂಚೆ ಉಟ್ಟು, ಪಟದ ಕೆಳಗೆ ನಿಂತು, ನಮ್ಮಿಬ್ಬರನ್ನು ನೂರು ಜನರೆಂದು ತಿಳಿದು ಗಂಟಲು ಸರಿಮಾಡಿಕೊಳ್ಳುವ. ಅಷ್ಟರಲ್ಲಿ ನೂರು ಜನರಲ್ಲಿ ಅರ್ಧ ಕಟ್ಟೆಗೆ ಎದ್ದು ಹೋಗಿರುತ್ತಿತ್ತು.

"ಆರಾಧನೆ ಮುಗೀಲಿ, ಆಮೇಲೆ ಹುಣ್ಣು," ಎನ್ನುವ ಅಪ್ಪ.

"ಅವರು ಮೂರು ಹರದಾರಿ ಕುಂಟ್ಕೊಂಡು ಬಂದಾರೆ ರೀ."

"ದೇವರು ಕಾಯಬೇಕೇನು ಹಂಗಾದ್ರೆ?"

"ದೇವರು ಅಲ್ಲೇ ಕಟ್ಟೆ ಮ್ಯಾಲೆ ಕುಂತಾನಲ್ರಿ, ಕಾಲು ಚಾಚ್ಕೊಂಡು. ನೀವು ಓದ್ರಿ, ನನಗೆ ಕೇಳ್ಸುತ್ತೆ."

ಅಪ್ಪ ಜೋರಾಗಿ ಓದುತ್ತಿದ್ದ. ಅವ್ವ ಕಾಲು ತೊಳೆಯುತ್ತಲೇ ಆಮೆನ್ ಎನ್ನುತ್ತಿದ್ದಳು. ಬೋಗುಣಿ ಹಿಡಿಯುವುದು ನನ್ನ ಕೆಲಸ. ನಾನು ಮುಖ ತಿರುಗಿಸಿದರೆ ಅವ್ವ ತಗ್ಗಿದ ದನಿಯಲ್ಲಿ ಹೇಳುವಳು: "ಯಾರ ಕಾಲು ಅಂತ ನೋಡ್ಬ್ಯಾಡ ಸಮಾಧಾನಿ. ಯಾರ ಕಾಲಾದ್ರೂ ಅದು ಅವನ ಕಾಲೇ." ಇದನ್ನು ದೊಡ್ಡವರು ಯಾವ ಅರ್ಥದಲ್ಲಿ ತೆಗೆದುಕೊಳ್ಳುತ್ತಾರೋ ಆ ಅರ್ಥದಲ್ಲಿ ನಾನು ತೆಗೆದುಕೊಳ್ಳಲಿಲ್ಲ. ಕುರಿಗಾಹಿಗಳ ಕಾಲಿನ ಹುಣ್ಣನ್ನು ನೋಡುತ್ತಿದ್ದೆ, ಒಳಗೆ ಹೋಗಿ ಪಟದ ಕಾಲಿನ ಗಾಯವನ್ನು ನೋಡುತ್ತಿದ್ದೆ. ಜಾಗ ಹೆಚ್ಚು ಕಡಿಮೆ ಒಂದೇ.

ಕೊಟ್ರಮ್ಮಜ್ಜಿ ಗೌಡರ ತಾಯಿ. ಹಿಂದಿನ ವರ್ಷ ಅವಳ ಎಡಗಾಲಿಗೆ ನಾರು ಬಂದು, ಮನೆಯ ಆಳೊಬ್ಬ ಒಂದೇ ಏಟಿಗೆ ಎಳೆದು ತುಂಡು ಮಾಡಿ, ಆರು ತಿಂಗಳು ಕೊಳೆತು, ಕಾಲು ಸೊಟ್ಟಗೆ ನಿಂತುಬಿಟ್ಟಿತ್ತು. ಉಳಿದಿದ್ದು ಬಲಗಾಲು. ಊರಿನವರು ಅದನ್ನು ಅಜ್ಜಿಯ ಒಳ್ಳೆಯ ಕಾಲು ಎನ್ನುತ್ತಿದ್ದರು. ನನಗೆ ಒಂಬತ್ತಾದ ಬೇಸಿಗೆಯಲ್ಲಿ ಗುಳ್ಳೆ ಎದ್ದದ್ದು ಆ ಒಳ್ಳೆಯ ಕಾಲಿಗೆ. ಅವ್ವನಿಗೆ ಕರೆ ಬಂತು. ಅವ್ವ ನನ್ನನ್ನೂ ಬೋಗುಣಿಯನ್ನೂ ಕರೆದುಕೊಂಡು ಹೋದಳು. ಗೌಡರ ಮನೆಯ ನಡುವಿನ ತೆರೆದ ತೊಟ್ಟಿಯಲ್ಲಿ, ಪಡಸಾಲೆಯಿಂದ ಮೂರು ಮಾರು ದೂರದಲ್ಲಿ, ನಮ್ಮನ್ನು ನಿಲ್ಲಿಸಿದರು. ನಮ್ಮ ತಾತ ಯಾವ ಕೇರಿಯಿಂದ ಎದ್ದು ಕ್ರೈಸ್ತನಾದ ಎಂಬುದು ಊರಿಗೆ ಗೊತ್ತಿತ್ತು. ಹೊಸ ಹೆಸರು, ಒಗೆದ ಪಂಚೆ ಅದನ್ನು ಮರೆಸಿರಲಿಲ್ಲ. ಅಜ್ಜಿ ಪಡಸಾಲೆಯ ಕಂಬಕ್ಕೆ ಒರಗಿ ಕಾಲು ಚಾಚಿ ಕೂತಿದ್ದಳು. ಕೊರಳಲ್ಲಿ ಲಿಂಗ, ಹಣೆ ತುಂಬ ವಿಭೂತಿ, ಆಗತಾನೆ ಪೂಜೆ ಮುಗಿಸಿದ್ದಳು.

"ಉಪದೇಶಿ ಹೆಂಡ್ತಿ, ನೀನು ಮುಟ್ಟಿದ್ರೆ ನಾನು ತಲೆಮ್ಯಾಲೆ ನೀರು ಹಾಕ್ಕಬೇಕು," ಅಂದಳು. "ದಿನಾ ತಲೆಮ್ಯಾಲೆ ನೀರು ಹಾಕ್ಕಂಡ್ರೆ ಕಾಲು ಉಳಿದ್ರೂ ನಾನು ಉಳಿಯಾಕಿಲ್ಲ. ಈ ಕೂಸು ಮಾಡಾಕೆ ಬರುತ್ತೇನು?"

"ನೋಡ್ಯಾಳೆ. ಮಾಡಿಲ್ಲ, ಅಮ್ಮಾರೆ."

"ನೀನು ಅಲ್ಲಿಂದ ಹೇಳು, ಅದು ಇಲ್ಲಿಂದ ಮಾಡ್ಲಿ. ಕೂಸಿಗೆ ಮೈಲಿಗೆ ಇಲ್ಲ. ಬಾರೆ ಇಲ್ಲಿ, ಬಾಯಿ ತೆಗಿ."

ಸಂತೆಯಲ್ಲಿ ಎತ್ತಿನ ಹಲ್ಲು ನೋಡುವ ಹಾಗೆ ಅಜ್ಜಿ ನನ್ನ ತುಟಿ ಎತ್ತಿ ನೋಡಿದಳು. ಅವಳ ಲೆಕ್ಕದಲ್ಲಿ ಹಾಲುಹಲ್ಲು ಇರುವ ತನಕ ಕೂಸು. ಅದು ಉದುರಿದ ಮೇಲೆ ಕೂಸೂ ಅದರ ಅಪ್ಪ ಅವ್ವನ ಜಾತಿಯೇ. ಮುಂದಿನವೆಲ್ಲ ಬಿದ್ದು ಹುಟ್ಟಿದ್ದವು. ಕೊನೆಗೆ ಅವಳ ಬೆರಳಿಗೆ ಮೇಲಿನ ಕೋರೆಹಲ್ಲು ಸಿಕ್ಕಿತು. ಅದು ಅಲ್ಲಾಡಿತು.

"ಒಂದೈತೆ," ಅಂದಳು ಅಜ್ಜಿ. "ಇದು ಬೀಳಾದ್ರೊಳಗೆ ಮುಗಿಸ್ಬೇಕು ನೋಡು."

ದವಡೆಯ ಹಲ್ಲುಗಳೂ ಹಾಲುಹಲ್ಲೇ ಎಂದು ಅವಳಿಗೂ ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ. ತಿಳಿದಿದ್ದರೆ ಆ ದಿನಗಳಲ್ಲಿ ನಾನು ಒಂದಿಷ್ಟು ಉಣ್ಣುತ್ತಿದ್ದೆ.

ಅಂದು ಮಧ್ಯಾಹ್ನ ಮನೆಯಲ್ಲಿ ಜಗಳ. ಅಪ್ಪ ಊಟಕ್ಕೆ ಕೂತವನು ಕೈ ತೊಳೆದುಕೊಂಡುಬಿಟ್ಟ.

"ನಿನ್ನ ಕೈ ಆಗಲ್ವಂತೆ, ನಿನ್ನ ಹೊಟ್ಟೇಲಿ ಹುಟ್ಟಿದ್ದರ ಕೈ ಆಗುತ್ತಂತೆ. ಹಲ್ಲು ಎಣಿಸಿದ್ರಂತೆ ಹಲ್ಲು. ಮಾನ ಅನ್ನೋದು ಒಂದೈತೆ ಕಣೆ."

"ಮಾನ ಇಟ್ಕೊಂಡು ಕಾಲು ತೊಳಿಯಾಕೆ ಆಗಾಕಿಲ್ರಿ," ಅಂದಳು ಅವ್ವ. "ಎರಡರಲ್ಲಿ ಒಂದು ಕೆಳಗಿಡಬೇಕು."

"ಆ ಕೂಸಿನ ಕೈಲಿ ನಾರು ಕಿತ್ತೋದ್ರೆ?"

ಅವ್ವ ಆಗಲೇ ತಿಕ್ಕಿಟ್ಟಿದ್ದ ಬೋಗುಣಿಯನ್ನು ಮತ್ತೆ ತಿಕ್ಕತೊಡಗಿದಳು. ಅವಳಿಗೂ ಭಯ ಇದೆ ಎಂದು ನನಗೆ ಗೊತ್ತಾಗಿದ್ದು ಆಗ. ನಾನು ಬಾಗಿಲ ಬಳಿ ಮುದ್ದೆಯನ್ನು ಎಡಗಡೆಯಿಂದ ಮಾತ್ರ ನುಂಗುತ್ತ ಕೂತಿದ್ದೆ. ಅಂದಿನಿಂದ ರೊಟ್ಟಿ ಬಿಟ್ಟೆ, ಹುರಿಗಾಳು ಬಿಟ್ಟೆ, ಬೆಲ್ಲವನ್ನು ನೀರಿನಲ್ಲಿ ಕದಡಿ ಕುಡಿದೆ. ಮಲಗುವಾಗ ಹಲ್ಲು ಮೇಲ್ಮುಖವಾಗಿರಲಿ ಎಂದು ಅಂಗಾತ ಮಲಗಿದೆ. ನುಂಗಿಬಿಟ್ಟರೆ ಎಂಬ ಯೋಚನೆ ಬಂದು ಬೋರಲು ತಿರುಗಿದೆ.

ಮರುದಿನ ಕೆಲಸ ಶುರುವಾಗಬೇಕು. ಅವ್ವ ಬಿದಿರಿನ ಸಿಬಿರನ್ನು ಕುದಿಸಿ ಬಟ್ಟೆಯಲ್ಲಿ ಸುತ್ತಿ ಕೊಟ್ಟಿದ್ದಳು. ನಾನು ಬೋಗುಣಿಯನ್ನು ಅಜ್ಜಿಯ ಮುಂದಿಟ್ಟು ಕಾಲಿಗೆ ಕೈ ಹಚ್ಚಿದ್ದೇ ತಡ, ಅಜ್ಜಿ ಕಾಲು ಎಳೆದುಕೊಂಡಳು.

"ಏನು ಮಾಡ್ತಿ?"

"ಮೊದ್ಲು ತೊಳಿಬೇಕಂತೆ."

"ಬ್ಯಾಡ. ಕಾಲು ತೊಳಿಸ್ಕಳಾರು ಮಠದ ಅಯ್ನೋರು. ನಾನು ಅಯ್ನೋರ ಪಾದ ತೊಳೆದು ತೀರ್ಥ ತಗಂಡಾಕಿ. ಕೂಸಿನ ಕೈಲಿ ಪಾದ ತೊಳಿಸ್ಕಂಡು ನಾನು ಎಲ್ಲಿಗೆ ಹೋಗ್ಲಿ?"

ತೊಟ್ಟಿಯಿಂದ ಅವ್ವ ಅಂದಳು: "ನಮ್ಮ ಸ್ವಾಮಿ ತನ್ನ ಶಿಷ್ಯರ ಕಾಲು ತೊಳೆದ, ಅಮ್ಮಾರೆ."

"ಗುರು?"

"ಹೂಂ ರೀ."

"ಶಿಷ್ಯನ ಕಾಲು?"

"ಹೂಂ. ಸೊಂಟಕ್ಕೆ ಬಟ್ಟೆ ಕಟ್ಕೊಂಡು, ಬೋಗುಣಿ ಇಟ್ಕೊಂಡು."

"ಅವರು ಸುಮ್ನೆ ಕುಂತಿದ್ರಾ?"

"ಒಬ್ಬ ಬ್ಯಾಡ ಅಂತ ಕಾಲು ಎಳ್ಕೊಂಡ. ನಿಮ್ಮಂಗೆ."

"ಅವನೊಬ್ಬ ತಿಳುವಳಿಕೆ ಇದ್ದೋನು," ಅಂದಳು ಅಜ್ಜಿ.

ನೀರು ಆರುತ್ತಿತ್ತು. ನೀರು ತಾಗದೆ ಹುಳು ಸಡಿಲವಾಗುವುದಿಲ್ಲ, ಸಡಿಲವಾಗದೆ ಸುತ್ತಿದರೆ ಕಿತ್ತುಹೋಗುತ್ತದೆ. ಅವ್ವ, "ಇದು ತೊಳಿಯಾದು ಅಲ್ಲ, ಅಮ್ಮಾರೆ. ನೆನೆಸಾದು. ಕಾಳು ನೆನೆ ಹಾಕ್ತೀವಲ್ಲ, ಹಂಗೆ," ಅಂದಳು.

ಅಜ್ಜಿ ಯೋಚಿಸಿದಳು. "ನೆನೆಸಾದಾದ್ರೆ ಅಡ್ಡಿ ಇಲ್ಲ," ಎಂದು ಕಾಲನ್ನು ತಾನೇ ಬೋಗುಣಿಗೆ ಇಟ್ಟಳು. ಅಂದಿನಿಂದ ಗೌಡರ ಮನೆಯಲ್ಲಿ ತೊಳೆಯುವ ಮಾತು ಯಾರೂ ಆಡಲಿಲ್ಲ. ಸೊಸೆ ನೀಲಮ್ಮ ಕೂಡ, "ಅತ್ತೀನ ನೆನೆಸಾಕೆ ಬಂದಾಳೆ," ಎಂದೇ ನಾನು ಬಂದದ್ದನ್ನು ಒಳಗೆ ತಿಳಿಸುತ್ತಿದ್ದಳು. ಆದರೆ ಕೈಗಳಿಗೆ ಮಾತಿನ ಭೇದ ತಿಳಿಯುವುದಿಲ್ಲ. ಅವ್ವ ದೂರದಿಂದ "ಬೆರಳ ಸಂದಿ" ಎನ್ನುವಳು, ನಾನು ಬೆರಳ ಸಂದಿ ಉಜ್ಜುವೆ; "ಹಿಮ್ಮಡಿ" ಎನ್ನುವಳು, ಹಿಮ್ಮಡಿ ಉಜ್ಜುವೆ. ಅಜ್ಜಿ ಮುಖವನ್ನು ಆಕಡೆ ತಿರುಗಿಸಿ ತುಟಿಯೊಳಗೆ ಶಿವನಾಮ ಹೇಳುತ್ತ, ಕಾಲಿಗೆ ಏನು ನಡೆಯುತ್ತಿದೆ ಎಂಬುದು ತನಗೆ ಗೊತ್ತೇ ಇಲ್ಲ ಎಂಬಂತೆ ಕೂರುತ್ತಿದ್ದಳು.

ಮೊದಲ ದಿನ ಹುಳುವಿನ ತುದಿ ಸಿಬಿರಿಗೆ ಹತ್ತಲು ಹೊತ್ತು ಹಿಡಿಯಿತು. ಅವ್ವ, "ಎಳೀಬ್ಯಾಡ. ತಿರುಗಿಸು. ತಡೆದ್ರೆ ನಿಲ್ಸು. ಅದು ಬರ್ತೀನಿ ಅಂದ್ರೆ ಮಾತ್ರ ಕರಕೋ," ಅಂದಳು. ಹುಳು ಬರುತ್ತೇನೆ ಎಂದದ್ದು ಹೇಗೆ ಗೊತ್ತಾಗಬೇಕು? ಸಿಬಿರು ಹಿಡಿದ ಬೆರಳಿನಲ್ಲಿ ಒಂದು ಸಣ್ಣ ಜಗ್ಗು ಇರುತ್ತದೆ, ಕಾದರೆ ಅದು ಬಿಡುತ್ತದೆ. ಆ ಕಾಯುವ ಹೊತ್ತಿನಲ್ಲಿ ನಾನು ಅನುಭವಿಸಿದ ಭಯವನ್ನು ಇಲ್ಲಿ ಬರೆಯುವಾಗಲೂ ಬೆರಳು ತಣ್ಣಗಾಗುತ್ತಿದೆ. ಕಾಲಿನ ತೂತಿನ ಸುತ್ತ ಕೆಂಪು, ನಡುವೆ ಬಿಳಿ ದಾರ. ಯಾರ ಕಾಲು ಅಂತ ನೋಡಬೇಡ ಎಂದಿದ್ದಳು ಅವ್ವ. ನೋಡದಿದ್ದರೆ ಅದು ಪಟದ ಕಾಲೇ ಆಗುತ್ತಿತ್ತು. ನಾನು ಕಿತ್ತರೆ ಸ್ವಾಮಿಯ ಗಾಯದೊಳಗೇ ಕಿತ್ತ ಹಾಗೆ. ಮೊಳೆ ಹೊಡೆದವರ ಸಾಲಿನಲ್ಲಿ ಕೊನೆಯವಳು ಬಿಳಿಚೋಡಿನ ಸಮಾಧಾನಿ. ಅದಕ್ಕೇ ನಾನು ಅವ್ವನ ಮಾತು ಮೀರಿ ಕಣ್ಣೆತ್ತಿ ಆಗಾಗ ಅಜ್ಜಿಯ ಮುಖ ನೋಡುತ್ತಿದ್ದೆ, ಕಾಲು ಇವಳದೇ ಎಂದು ಖಾತ್ರಿ ಮಾಡಿಕೊಳ್ಳಲು.

"ಏನು ನೋಡ್ತಿ? ಕೆಲ್ಸ ಮಾಡು."

"ನೋಯುತ್ತಾ ಅಜ್ಜಿ?"

"ನೋಯ್ದೆ ಏನು, ಹಬ್ಬ ಮಾಡ್ತೈತೇನು."

ಹೀಗೆ ದಿನಗಳು ಹೋದವು. ಸಿಬಿರಿನ ಮೇಲೆ ನಾರು ಒಂದೊಂದು ಸುತ್ತಾಗಿ ಬೆಳೆಯಿತು. ಕೆಲಸ ಮುಗಿದ ಮೇಲೆ ಅಜ್ಜಿ ನನ್ನ ಬಾಯಿ ತೆರೆಸಿ ಕೋರೆಹಲ್ಲನ್ನು ಮುಟ್ಟಿ ನೋಡುತ್ತಿದ್ದಳು, ಆಮೇಲೆ ತಂಬಿಟ್ಟು ಕೊಡುತ್ತಿದ್ದಳು, ಕೈಯಿಂದ ಕೈಗೆ. ತಂಬಿಟ್ಟು ಮೆತ್ತಗಿದೆಯೋ ಇಲ್ಲವೋ ಎಂದು ಮೊದಲು ತಾನು ಅಮುಕಿ ನೋಡುತ್ತಿದ್ದಳು. ನಮ್ಮ ಭಯಗಳಲ್ಲಿ ಅದೊಂದು ಇಬ್ಬರಿಗೂ ಸೇರಿದ್ದಾಗಿತ್ತು.

ಭಾನುವಾರ ಬಂದಾಗ ಅಪ್ಪನದು ಇನ್ನೊಂದು ತಕರಾರು. ಅಜ್ಜಿಯ ಪೂಜೆ ಮುಗಿಯುವ ಹೊತ್ತೂ ನಮ್ಮ ಆರಾಧನೆಯ ಹೊತ್ತೂ ಒಂದೇ. ಅವ್ವ, "ಇವತ್ತು ನಮ್ಮಿಬ್ಬರದು ಅಲ್ಲೇ," ಎಂದು ಬೋಗುಣಿ ಎತ್ತಿಕೊಂಡು ನಡೆದಳು. ಸಭೆಯೆಲ್ಲ ಎದ್ದುಹೋದ ಮೇಲೂ ಅಪ್ಪ ಬಿಡಲಿಲ್ಲ. ಒಬ್ಬನೇ ನಿಂತು ಕೀರ್ತನೆ ಹಾಡಿದ. ಅವನ ದನಿ ದೊಡ್ಡದು. ಬೀಜದ ಮನೆಯಿಂದ ಹೊರಟು ಗೌಡರ ಪಡಸಾಲೆಗೆ ಬಂತು. ಅಜ್ಜಿ ಶಿವನಾಮ ನಿಲ್ಲಿಸಿ ಕಿವಿಗೊಟ್ಟಳು.

"ನಿಮ್ಮಪ್ಪ ಯಾಕೆ ಹಂಗೆ ಅಳ್ತಾನೆ?"

"ಅಳಾದಲ್ಲ ಅಜ್ಜಿ, ಹಾಡು."

"ಒಬ್ಬನೇ?"

"ನಾವಿಬ್ರು ಇಲ್ಲಿ ಇದೀವಲ್ಲ."

ಅಜ್ಜಿ, "ಮುಂದಿನ ವಾರ ಇಲ್ಲೇ ಬಂದು ಅಳು ಅನ್ನು. ಹೊರಗೆ ಕಟ್ಟೆ ಐತೆ," ಅಂದಳು.

ಅಪ್ಪ ಮುಂದಿನ ವಾರ ಬಂದ. ಅವ್ವ ಹೇಳಿದ್ದಕ್ಕಲ್ಲ, ಅಜ್ಜಿ ಹೇಳಿದ್ದಕ್ಕೂ ಅಲ್ಲ. ಒಬ್ಬನೇ ಆಮೆನ್ ಹೇಳಿಕೊಳ್ಳುವುದು ಅವನಿಗೆ ಸಾಕಾಗಿತ್ತು. ಗೌಡರ ಮನೆಯ ಹೊರಗಟ್ಟೆಯ ಅಂಚಿನಲ್ಲಿ, ಬಿಸಿಲಿನಲ್ಲಿ ಕೂತ. ಗೌಡರು ಹೊರಗೆ ಬಂದು ನೋಡಿ, "ಉಪದೇಶಿಗಳೆ, ನೆಳ್ಳಿಗೆ ಸರ್ಕೊಳ್ರಿ," ಎಂದರಂತೆ. ಅಪ್ಪ ನೆರಳಿಗೆ ಸರಿದ. ಇದು ಆ ಊರಿನಲ್ಲಿ ಅವನಿಗೆ ಸಿಕ್ಕ ಮೊದಲ ಬಹುವಚನ ಎಂದು ಬಹಳ ವರ್ಷ ಹೇಳುತ್ತಿದ್ದ.

ಆ ಭಾನುವಾರವೇ ಕೊನೆಯ ದಿನವಾಯಿತು. ಹಿಂದಿನ ದಿನ ಜಗ್ಗು ತೀರಾ ಕಡಿಮೆಯಾಗಿತ್ತು, ಅವ್ವ, "ನಾಳೆ ಬಾಲ ಬರುತ್ತೆ. ಬಾಲದಲ್ಲಿ ಕೊಕ್ಕೆ ಇರುತ್ತೆ. ಕಿತ್ತೋಗಾದು ಅಲ್ಲೇ," ಎಂದಿದ್ದಳು. ಹೇಳದೆ ಇದ್ದಿದ್ದರೆ ಒಳ್ಳೆಯದಿತ್ತು. ನಾನು ಬೆಳಿಗ್ಗೆ ಏನೂ ಉಣ್ಣಲಿಲ್ಲ, ನೀರು ಮಾತ್ರ ಕುಡಿದೆ. ಬಾಯಿ ಒಣಗಿದಾಗಲೆಲ್ಲ ಕುಡಿದೆ, ಬಾಯಿ ಒಣಗುತ್ತಲೇ ಇತ್ತು. ಪಡಸಾಲೆಯಲ್ಲಿ ಗೌಡರು ಕಂಬಕ್ಕೆ ಒರಗಿ ನಿಂತಿದ್ದರು. ಕೈಯಲ್ಲಿ ಏನೂ ಇರಲಿಲ್ಲ, ಆದರೂ ಆ ಕೈಗಳನ್ನೇ ನಾನು ನೋಡಿದೆ. ನೀಲಮ್ಮ ಅರಿಶಿನ ಅರೆದು ತರಲು ಒಳಗೆ ಹೋಗಿದ್ದಳು. ಹೊರಗಿನಿಂದ ಅಪ್ಪ ಓದುವ ದನಿ ಸಣ್ಣಗೆ ಬರುತ್ತಿತ್ತು. ತೊಟ್ಟಿಯಲ್ಲಿ ಅವ್ವ ಎರಡೂ ಕೈ ಹಿಸುಕಿಕೊಂಡು ನಿಂತಿದ್ದಳು. ನಾನು ಅಜ್ಜಿಯ ಕಾಲನ್ನು ನೆನೆಸಿದೆ, ಬೆರಳ ಸಂದಿ, ಹಿಮ್ಮಡಿ. ಸಿಬಿರು ಹಿಡಿದೆ. ಅರ್ಧ ಸುತ್ತು ಬಂತು. ಇನ್ನರ್ಧ ಬಂತು. ಆಮೇಲೆ ನಿಂತಿತು.

"ತಡೀತಾ?" ಅವ್ವ ಕೇಳಿದಳು.

ಸಿಬಿರು ಬಿಡದೆ ಹೌದೆಂದು ತಲೆ ಆಡಿಸಿದೆ.

"ಕಾಯಿ," ಅಂದಳು ಅವ್ವ.

ಕಾದೆ. ದಾರ ಬಿಗಿಯಾಗಿ, ಕೂದಲಿನಷ್ಟು ಸಣ್ಣಗಾಯಿತು. ಬೆರಳು ಸಡಿಲಿಸಿದರೆ ಒಳಗೆ ಸರಿಯುತ್ತದೆ, ಬಿಗಿಮಾಡಿದರೆ ಕೀಳುತ್ತದೆ. ಅಜ್ಜಿಯ ಶಿವನಾಮ ನಿಂತುಹೋಗಿತ್ತು. ಸೊಟ್ಟಗೆ ಮಡಿಚಿಕೊಂಡ ಅವಳ ಎಡಗಾಲು ನನ್ನ ಮೊಣಕಾಲಿನ ಪಕ್ಕದಲ್ಲೇ ಇತ್ತು. ನಾಳೆ ಈ ಬಲಗಾಲೂ ಹೀಗೇ ಆಗುತ್ತದೆ, ಅಜ್ಜಿ ಇದೇ ಕಂಬದ ಬುಡದಲ್ಲಿ ಸಾಯುವ ತನಕ ಕೂತಿರುತ್ತಾಳೆ, ನಾವು ಗಾಡಿಯಲ್ಲಿ ಸಾಮಾನು ಹೇರಿಕೊಂಡು ಚನ್ನಗಿರಿಗೋ ಎಲ್ಲಿಗೋ ಹೋಗುತ್ತಿರುತ್ತೇವೆ ಎಂದೆಲ್ಲ ಕಂಡಿತು. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ. ಮೊದಲು ತೊಡೆಗೆ ಬೆಚ್ಚಗಾಯಿತು. ಏನೆಂದು ಅರ್ಥವಾಗುವಷ್ಟರಲ್ಲಿ ಲಂಗ ತೊಯ್ದು, ಸಾರಿಸಿದ ನೆಲದ ಮೇಲೆ ಒಂದು ಸಣ್ಣ ಹೊಳೆ ಹೊರಟಿತು. ನಾನು ಅಲುಗಲಿಲ್ಲ. ಅಲುಗುವ ಹಾಗಿರಲಿಲ್ಲ, ದಾರ ನನ್ನ ಕೈಯಲ್ಲಿತ್ತು. ಆಗಲೇ ಬೆರಳಿನಲ್ಲಿದ್ದ ಜಗ್ಗು ಬಿಟ್ಟಿತು. ಸೂಜಿಯಿಂದ ದಾರ ಕಳಚಿದ ಹಾಗೆ, ಕೊಕ್ಕೆಯ ಬಾಲದ ಸಮೇತ, ನಾರು ಹೊರಗೆ ಬಂತು.

"ಬಂತೇನೆ?" ಅಂದಳು ಅವ್ವ.

ಗೌಡರು ಬಗ್ಗಿ ಸಿಬಿರು ನೋಡಿದರು. "ಇಡಿಯಾಗಿ ಬಂದೈತೆ," ಎಂದು ಹೊರಗೆ ಅಪ್ಪನಿಗೆ ಹೇಳಲು ಹೋದರು. ಅಪ್ಪನ ಓದು ನಿಂತಿತು. ಹಲ್ಲು ಬಾಯಿಯಲ್ಲೇ ಇತ್ತು, ನಾಲಿಗೆಯಿಂದ ಮುಟ್ಟಿ ನೋಡಿಕೊಂಡೆ. ನಾನು ಹೆದರಿದ್ದರಲ್ಲಿ ಒಂದೂ ಆಗಿರಲಿಲ್ಲ. ಆದದ್ದು ನಾನು ಹೆದರಲು ಮರೆತದ್ದು, ಅದು ನೆಲದ ಮೇಲೆ ಬೋಗುಣಿಯ ಕಡೆ ಹರಿಯುತ್ತಿತ್ತು. ಲಿಂಗಪೂಜೆ ನಡೆಯುವ ಪಡಸಾಲೆ ಅದು. ಅಜ್ಜಿ ತಲೆ ತಗ್ಗಿಸಿ ನೆಲ ನೋಡಿದಳು. ನನ್ನ ಮುಖ ನೋಡಿದಳು. ಒಳಗಿನಿಂದ ನೀಲಮ್ಮನ ಬಳೆ ಸದ್ದು ಹತ್ತಿರ ಬಂತು. ಅರಿಶಿನದ ಬಟ್ಟಲು ಹಿಡಿದು ಅವಳು ಹೊಸಿಲು ದಾಟುವಷ್ಟರಲ್ಲಿ ಅಜ್ಜಿ ಎಡಗಾಲು ಎತ್ತಿ ಬೋಗುಣಿಯನ್ನು ಒದ್ದಳು. ಸೊಟ್ಟ ಕಾಲಿನಲ್ಲಿ ಅಷ್ಟು ಬಲ ಇದೆಯೆಂದು ಯಾರೂ ತಿಳಿದಿರಲಿಲ್ಲ. ನೀರೆಲ್ಲ ನನ್ನ ಮೇಲೆ, ನೆಲದ ಮೇಲೆ, ಪಡಸಾಲೆಯ ತುಂಬ.

"ಅಯ್ಯೋ ಅತ್ತಿ," ಅಂದಳು ನೀಲಮ್ಮ.

"ಕಾಲು ತಾಗಿತು," ಅಂದಳು ಅಜ್ಜಿ. "ದರಿದ್ರ ಕಾಲು, ನನ್ನ ಮಾತು ಕೇಳಾಕಿಲ್ಲ. ಕೂಸಿನ ಲಂಗ ಎಲ್ಲ ತೋದೋತು ನೋಡು."

ಅವ್ವ ಎಲ್ಲ ಮರೆತಳು. ಮೂರು ಮಾರನ್ನೂ ಮರೆತು ಪಡಸಾಲೆಯ ಮೆಟ್ಟಿಲ ತನಕ ಬಂದುಬಿಟ್ಟಳು. "ಮೊದಲ ದಿನದಿಂದ ಹೇಳ್ಕೊಂಡು ಬಂದೀನಿ, ಅಮ್ಮಾರೆ. ಒಂದು ತೊಟ್ಟೂ ಚೆಲ್ಲಬಾರ್ದು ಅಂತ. ಇದೇ ನೀರು ಕೊಡಕ್ಕೆ ತಾಗಿ ಬಾವಿಗೆ ಹೋದ್ರೆ ಮುಂದಿನ ವರ್ಷ ಯಾರ ಕಾಲಿಗೆ? ನಿಮ್ಮ ಮೊಮ್ಮಕ್ಕಳ ಕಾಲಿಗೇ. ಬಿಸಿ ಬೂದಿ ತರ್ರಿ, ನೀಲಮ್ಮಾರೆ, ಬೇಗ ತರ್ರಿ."

ಆ ಮನೆಯಲ್ಲಿ, ಸೊಸೆಯ ಎದುರಿಗೆ, ಗೌಡರ ತಾಯಿಗೆ ಯಾರೂ ಹಾಗೆ ಮಾತಾಡಿದ್ದಿಲ್ಲ. ನೀಲಮ್ಮ ಬಟ್ಟಲು ಹಿಡಿದುಕೊಂಡೇ ಅತ್ತೆಯ ಮುಖ ನೋಡುತ್ತ ನಿಂತಳು.

"ತಪ್ಪಾತು ಕಣವ್ವಾ," ಅಂದಳು ಅಜ್ಜಿ. "ನಂದೇ ತಪ್ಪು. ಹೋಗೆ ನೀಲೀ, ಬೂದಿ ತಗಂಬಾ."

ನೀಲಮ್ಮ ಒಳಗೆ ಹೋದಳು. ಅಜ್ಜಿ ತನ್ನ ಒಳ್ಳೆಯ ಕಾಲನ್ನು, ಈಗತಾನೆ ನಾರು ಬಿಟ್ಟ ಕಾಲನ್ನು, ಮೇಲೆತ್ತಿ ಮಂಡಿಯ ಮೇಲೆ ಇಟ್ಟುಕೊಂಡಳು. ಇನ್ನೊಂದನ್ನು ನಾನು ಕೂತಿದ್ದ ಜಾಗದ ನೀರಿನಲ್ಲಿ, ನೀರು ಹಳದಿಯಾಗಿ ಕಾಣುತ್ತಿದ್ದ ಕಡೆ, ಪೂರ್ತಿ ಊರಿದಳು. ಸೀರೆಯ ಅಂಚು ತೋಯುವ ತನಕ ಹಾಗೇ ಇಟ್ಟುಕೊಂಡಳು. ನನಗೆ, "ಏಳು. ಮನೆಗೆ ಹೋಗಿ ಲಂಗ ಬದಲಾಯಿಸ್ಕ," ಅಂದಳು.

ದಾರಿಯಲ್ಲಿ ಅಪ್ಪ ಮುಂದೆ ಮುಂದೆ ಹಾಡುತ್ತ ನಡೆದ. ಅವ್ವ ಖಾಲಿ ಬೋಗುಣಿಯನ್ನು ಸೊಂಟಕ್ಕೆ ಒತ್ತಿಕೊಂಡು ನನ್ನ ಪಕ್ಕದಲ್ಲಿ ಬರುತ್ತಿದ್ದಳು. ಅವಳ ಸಿಟ್ಟು ಇನ್ನೂ ಇಳಿದಿರಲಿಲ್ಲ.

"ಎಷ್ಟು ಹೇಳಿದ್ರೂ ಅಷ್ಟೆ," ಅಂದಳು. "ದೊಡ್ಡ ಮನೆಯೋರು ನೋಡು. ತಮ್ಮ ಕಾಲು ಉಳೀತು, ಮುಗೀತು. ಇನ್ನೊಬ್ಬರ ಕಷ್ಟ ಅನ್ನಾದು ಒಂಚೂರಾದ್ರೂ ತಿಳೀತೈತಾ ಆ ಮುದುಕಿಗೆ? ನೀನೇ ಹೇಳು."

ಒದ್ದೆ ಲಂಗ ತೊಡೆಗೆ ಅಂಟುತ್ತಿತ್ತು. ಅವ್ವ ನನ್ನ ಮುಖವನ್ನೇ ನೋಡುತ್ತಿದ್ದಳು.

"ಹೂಂ ಅವ್ವಾ, ತಿಳಿಯಾಕಿಲ್ಲ," ಅಂದೆ.